ಕಂಪನಿಯ ಮುಚ್ಚಳ

ನನ್ನ ಭಾವಮೈದುನ ನಮ್ಮ ಮನೆಗೆ ಬರಿಗೈಯಲ್ಲಿ ಬರುವವನಲ್ಲ, ಪ್ರತಿಸಲ ಒಂದು ಉಪದೇಶ ಹಿಡಿದುಕೊಂಡೇ ಬರುತ್ತಾನೆ. ಅವನು ರೇಡಿಯೊ ಕೇಂದ್ರದಲ್ಲಿ ಧ್ವನಿಮುದ್ರಣದ ಎಂಜಿನಿಯರ್. ಹದಿನೈದು ವರ್ಷದಿಂದ ಅದೇ ರಾಗ, ಅದೇ ಹಾಡು: "ಭಾವ, ಧ್ವನೀನ ಕಂಪನಿ ಫಾರ್ಮ್ಯಾಟ್‌ನಲ್ಲಿ ಇಡಬೇಡಿ. ಮುಕ್ತ ಫಾರ್ಮ್ಯಾಟ್‌ನಲ್ಲಿಡಿ." (ಮದುವೆಯಾಗದವನಿಗೆ ಉಪದೇಶ ಮಾಡಲು ಬೇಕಾದಷ್ಟು ಬಿಡುವು.)

ನಾನೂ ಈ ವಿದ್ಯೆಯಲ್ಲಿ ಸಾಮಾನ್ಯನಲ್ಲ. ವಕೀಲರ ಕಚೇರಿಯಲ್ಲಿ ಬೆರಳಚ್ಚುಗಾರ. ವಕೀಲರು ಅಂಗೈಯಗಲದ ರೆಕಾರ್ಡರಿಗೆ ಹೇಳಿದ್ದನ್ನು ಕೇಳಿಕೊಂಡು ಟೈಪು ಮಾಡುವುದು ನನ್ನ ಉದ್ಯೋಗ. ಅಂಥದೇ ಒಂದನ್ನು ಮನೆಗೂ ತಂದು ಊಟದ ಮೇಜಿನ ಮೇಲಿಟ್ಟೆ. ಅದಕ್ಕೆ ಕಾರಣವಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು, ನನ್ನದು ಹಗಲಿನ ಕೆಲಸ. ನಾನು ಬರುವಷ್ಟರಲ್ಲಿ ಅವಳು ಹೊರಟಿರುತ್ತಿದ್ದಳು, ಅವಳು ಬರುವಷ್ಟರಲ್ಲಿ ನಾನು. ನಮ್ಮ ದಾಂಪತ್ಯದ ಸಕಲ ಕದನಗಳೂ ಆ ಯಂತ್ರದ ಮೂಲಕವೇ ನಡೆದವು.

"ರೀ, ಒಲೆ ಒರೆಸಿ. ಒರೆಸೋದು ಅಂದ್ರೆ ಒಲೆಗೆ ಬಟ್ಟೆ ತೋರಿಸೋದಲ್ಲ," ಎಂದು ಅವಳು ಹೇಳಿಟ್ಟು ಹೋಗುವಳು. ಸಂಜೆ ಬಂದು ನಾನು ಅದನ್ನು ಕೇಳಿ, ತಕ್ಕ ಉತ್ತರ ಹೇಳಿಡುವೆ. ಬೆಳಿಗ್ಗೆ ಬಂದು ಅವಳು ಅದನ್ನು ಕೇಳುವಳು. ಒಂದು ಜಗಳ ಮುಗಿಯಬೇಕಾದರೆ ನಾಲ್ಕು ದಿನ ಬೇಕಾಗುತ್ತಿತ್ತು.

ಯಂತ್ರದಲ್ಲಿ ಧ್ವನಿಯನ್ನು ಉಳಿಸಿಡಲು ಎರಡು ಫಾರ್ಮ್ಯಾಟ್ ಇದ್ದವು. ಒಂದು ಮುಕ್ತವಾದದ್ದು, ಓಗ್ ಅಂತ. ಅದರ ಒಳಗುಟ್ಟೆಲ್ಲ ಬಹಿರಂಗ, ಅದನ್ನು ನುಡಿಸುವ ಪ್ರೋಗ್ರಾಮನ್ನು ಯಾರು ಬೇಕಾದರೂ ಬರೆಯಬಹುದು. ಇನ್ನೊಂದು ಕಂಪನಿಯ ಸ್ವಂತದ್ದು. ಅದಕ್ಕೆ ಅರ್ಧ ಜಾಗ ಸಾಕು, ಆದರೆ ಕಂಪನಿಯ ಪ್ರೋಗ್ರಾಮಿಲ್ಲದೆ ಬಾಯಿ ಬಿಡುವುದಿಲ್ಲ. ಹೆಂಡತಿ ತಮ್ಮನ ಪಕ್ಷ. "ಡಬ್ಬ ನಮ್ದು, ಒಳಗಿರೋದು ನಮ್ದು. ಮುಚ್ಚಳ ತೆಗೆಯೋಕೆ ಅಂಗಡಿಯವನ್ನ ಕರೀಬೇಕಾ?" ಎಂದಳು. ನಾನು ಬಿಟ್ಟೇನೆ? ವಕೀಲರೇ ನಂಬಿದ್ದನ್ನು ನರ್ಸು ನಂಬಬಾರದೆ? ಕಂಪನಿಯದನ್ನೇ ಹಾಕಿದೆ.

ಅವಳು ಹೋಗಿ ಹದಿನಾಲ್ಕು ತಿಂಗಳಾಯಿತು. (ಈ ಸಲ ಪಾಳಿಗಲ್ಲ.)

ಮನೆಯಲ್ಲಿ ಈಗ ಫ್ರಿಜ್ಜಿನದೊಂದೇ ಸದ್ದು. ಅದಕ್ಕೆ ಜಗಳ ಬರುವುದಿಲ್ಲ. ಒಲೆ ಕನ್ನಡಿಯ ಹಾಗಿದೆ, ತಪ್ಪು ಹುಡುಕುವವರಿಲ್ಲ. ಸಂಜೆ ಕಚೇರಿಯಿಂದ ಮನೆಗೆ ಹೊರಡಲು ಕಾಲೇ ಏಳುವುದಿಲ್ಲ. ಒಮ್ಮೆ ಅವಳ ಧ್ವನಿ ಕೇಳಬೇಕು, ಬೈದರೂ ಸರಿ, ಅಷ್ಟೇ ನನ್ನ ಆಸೆ. ರೆಕಾರ್ಡರು ಕೆಟ್ಟುಹೋಗಿತ್ತು. ಆದರೆ ಅದರ ಹೊಟ್ಟೆ ತುಂಬಿದಾಗಲೆಲ್ಲ ಒಳಗಿದ್ದದ್ದನ್ನು ಕಂಪ್ಯೂಟರಿಗೆ ಸುರಿಯುವ ಕೆಲಸವನ್ನು ಅವಳೇ ಮಾಡುತ್ತಿದ್ದಳು. ಅಲ್ಲಿ ಸಾವಿರಾರು ಫೈಲುಗಳಿದ್ದವು. ಒಂದನ್ನು ಒತ್ತಿದೆ. 'ಪರವಾನಗಿಗಾಗಿ ಕಂಪನಿಯನ್ನು ಸಂಪರ್ಕಿಸಿ' ಎಂದಿತು. ಕಂಪನಿ ಬಾಗಿಲು ಹಾಕಿ ಆರು ವರ್ಷವಾಗಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು. ಮಾನ ಮರ್ಯಾದೆ ಬದಿಗಿಟ್ಟು ಭಾವಮೈದುನನಿಗೆ ಫೋನು ಮಾಡಿದೆ. 'ನಾನಾಗಲೇ ಹೇಳಿದ್ದೆ' ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಭಾನುವಾರ ಲ್ಯಾಪ್‌ಟಾಪ್ ಹೊತ್ತು ಬಂದ. "ಯಾರೋ ಪುಣ್ಯಾತ್ಮ ಈ ಫಾರ್ಮ್ಯಾಟಿನ ಗಂಟು ಬಿಡಿಸಿ, ಪ್ರೋಗ್ರಾಮ್ ಬರೆದು ಎಲ್ರಿಗೂ ಹಂಚಿದಾನೆ ಭಾವ. ಕೂತ್ಕೊಳ್ಳಿ, ಅಕ್ಕನ ಮಾತು ಕೇಳೋಣ."

ನಾನು ಕನ್ನಡಕ ಒರೆಸಿಕೊಂಡು ಕೂತೆ. ಯಾರೋ ಗಂಟಲು ಸರಿಮಾಡಿಕೊಂಡ ಸದ್ದು. "ನೋಡೇ, ಅರ್ಧ ಜಾಗದಲ್ಲಿ ಕೂರುತ್ತೆ ಅಂದ್ರೆ ಸುಮ್ನೇನಾ? ನಿನ್ನ ಮಾತು ಇದರಲ್ಲಿ ಭದ್ರವಾಗಿರುತ್ತೆ..." ನಾನೇ.

ಮುಂದಿನದು. "ಒಲೆ ಒರೆಸಿದೀನಿ. ಅದು ಹಳೇ ಕಲೆ, ಕೊಳೆಯಲ್ಲ." ಅದೂ ನಾನೇ.

ಅವನು ಮಧ್ಯದಿಂದ ಒಂದಷ್ಟು, ಕೊನೆಯಿಂದ ಒಂದಷ್ಟು ಒತ್ತಿ ನೋಡಿದ. "ಭಾವ, ಎಲ್ಲದರಲ್ಲೂ ನೀವೇ ಇದೀರಿ. ಅಕ್ಕಂದು ಒಂದೂ ಇಲ್ವಾ?"

ಆಗ ಹೊಳೆಯಿತು. ಕೇಳು, ಟೈಪು ಮಾಡು, ಅಳಿಸು: ಇದು ನಮ್ಮ ಕಚೇರಿಯ ಶಿಸ್ತು. ಅವಳ ಮಾತು ಕೇಳಿ ಮುಗಿಸಿದ ಕೂಡಲೇ ನನ್ನ ಬೆರಳು ತಾನಾಗಿ ಅಳಿಸುವ ಗುಂಡಿಗೆ ಹೋಗುತ್ತಿತ್ತು. ಹದಿನಾಲ್ಕು ವರ್ಷ, ಒಂದು ದಿನವೂ ತಪ್ಪಿಸಿಲ್ಲ. ಅವಳಿಗೆ ಅಂಥ ಶಿಸ್ತಿರಲಿಲ್ಲ, ನನ್ನದನ್ನು ಒಂದನ್ನೂ ಅಳಿಸಿರಲಿಲ್ಲ.

ಇದನ್ನು ಅವನಿಗೆ ಹೇಳಿದೆ. ಅವನು ಫೈಲುಗಳ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಇನ್ನೊಮ್ಮೆ ಹುಡುಕಿದ. ಅವನಿಗೂ ಇದ್ದವಳು ಒಬ್ಬಳೇ ಅಕ್ಕ. ಆಮೇಲೆ ಎಲ್ಲವನ್ನೂ ಮುಕ್ತ ಫಾರ್ಮ್ಯಾಟಿಗೆ ಬದಲಾಯಿಸಿಕೊಟ್ಟು ಎದ್ದ. "ಇನ್ನು ಯಾರ ಪರವಾನಗೀನೂ ಬೇಡ ಭಾವ. ಎಷ್ಟು ವರ್ಷ ಆದ್ರೂ, ಯಾವ ಯಂತ್ರದಲ್ಲಿ ಬೇಕಾದ್ರೂ ಕೇಳಬಹುದು."

ಅವನು ಹೋದ ಮೇಲೆ ಮೊದಲನೆಯದನ್ನು ಮತ್ತೆ ಹಾಕಿದೆ. ಕಂಪನಿ ಫಾರ್ಮ್ಯಾಟಿನ ಮಹಿಮೆಯ ಮೇಲೆ ಹನ್ನೊಂದು ನಿಮಿಷದ ಭಾಷಣ. ನಾಲ್ಕನೇ ನಿಮಿಷಕ್ಕೆ ನನಗೇ ತಡೆಯಲಾಗದೆ ನಿಲ್ಲಿಸಿದೆ. ರಾತ್ರಿಯಿಡೀ ವಾರ್ಡಿನಲ್ಲಿ ಓಡಾಡಿ ಬಂದವಳು ಇದನ್ನು ಪೂರ್ತಿ ಕೇಳಿ, ಜೋಪಾನವಾಗಿ ಎತ್ತಿಟ್ಟಿದ್ದಳು. ಈಗ ಇದನ್ನು ಜಗತ್ತಿನಲ್ಲಿ ಯಾರು ಬೇಕಾದರೂ ಕೇಳಬಹುದಂತೆ. ಯಾರಿಗೆ ಬೇಕಾಗಿದೆ ಹೇಳಿ. ಬೇಕಾಗಿದ್ದವಳು ಒಬ್ಬಳೇ.