ಡಬ್ಬಿಯೊಳಗೆ ಏನಿದೆ, ಸಾವ್ಕಾರ್ರೇ?

ಎಳೆಗೂಸಿನ ಮೈಗೆ ಏನು ಹಚ್ಚುತ್ತೀರಿ ಅಂತ ನಾನು ಯಾರನ್ನು ಕೇಳಿದರೂ ಒಂದು ರಾಮಾಯಣ ಆಗದೆ ಮುಗಿಯುವುದಿಲ್ಲ. ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಈಗಲೂ ಬಾಣಂತಿ ಇರುವ ಮನೆಗೆ ಹೋದರೆ ಬಚ್ಚಲಿನ ಗೂಡಿನಲ್ಲಿರುವ ಬಾಟಲಿ, ಡಬ್ಬಿಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತೇನೆ. ಮನೆಯವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ, ನನಗೇನು.

ಇಲ್ಲಿ ಹೇಳುವುದೆಲ್ಲ ರಾಜ್ಯ ಏಕೀಕರಣವಾಗಿ ಒಂದೆರಡು ವರ್ಷವಾದ ಮೇಲಿನ ಕಾಲದ್ದು. ನಾನು ಶಿಕಾರಿಪುರದಲ್ಲಿ ಹೆರಿಗೆ ನರ್ಸು. ವಾರಕ್ಕೆರಡು ದಿನ ಬಸ್ಸು ಹತ್ತಿ ಸೊರಬಕ್ಕೂ ಹೋಗಿ ಬರಬೇಕು. ಎರಡೂ ಊರಿನಲ್ಲಿ ನನಗೆ ಸಿಡುಕಿ ನರ್ಸಮ್ಮ ಅಂತಲೇ ಹೆಸರು. ಸಿಡುಕುವುದಕ್ಕೆ ಕಾರಣ ಇತ್ತೋ ಇಲ್ಲವೋ ನೀವೇ ಹೇಳಿ. ನಡುವೆ ನಗು ಬಂದರೆ ನಕ್ಕುಬಿಡಿ. ನನಗೆ ಆಗ ಒಂದು ಚೂರೂ ನಗು ಬಂದಿರಲಿಲ್ಲ.

ಚಿತ್ರದ ಮಗು

ತಾಳಗುಂದದ ಕಡೆಯಿಂದ, ಕುರಿ ಸಾಕುವವರ ಮನೆಯ ಅಜ್ಜಿಯೊಬ್ಬಳು ಇಪ್ಪತ್ತು ದಿನದ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದಳು. ಬಿಚ್ಚಿ ನೋಡಿದರೆ ಕೂಸಿನ ಮೈ ಬಿಸಿನೀರು ಬಿದ್ದವರ ಹಾಗೆ ಕೆಂಪಗಾಗಿದೆ. ಕುಡಿದ ಹಾಲೆಲ್ಲ ಕಕ್ಕುತ್ತಿದೆ. ಅಳುವುದಕ್ಕೂ ತ್ರಾಣವಿಲ್ಲ. ತೊಡೆಸಂದಿನಲ್ಲಿ ಚರ್ಮ ಕಿತ್ತು ಹಸಿ ಹುಣ್ಣಾಗಿತ್ತು. ಆ ಹುಣ್ಣಿನ ಮೇಲೆ, ಗೋಡೆಗೆ ಸುಣ್ಣ ಬಳಿದ ಹಾಗೆ, ಬಿಳಿ ಪೌಡರು. ದಿನಕ್ಕೆ ಎಷ್ಟು ಸಲ ಹಾಕಿದೆ ಅಂತ ಕೇಳಿದರೆ, ಒದ್ದೆಯಾದಾಗಲೆಲ್ಲ ಹಾಕಿದೆನವ್ವ, ಪ್ಯಾಟಿಯ ಪೌಡರು, ಕಡಿಮೆ ಮಾಡಲಿಲ್ಲ ಅಂದಳು. ಪಾಪ, ಪ್ರೀತಿ ಹೆಚ್ಚಾಗಿ ಹಾಕಿದವಳು.

ನಮ್ಮ ಡಾಕ್ಟರು ಅವಳು ತಂದ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಸ್ಪಿರಿಟ್ಟಿನಲ್ಲಿ ಕಲಸಿ ಕಡ್ಡಿ ಗೀರಿದರು. ಉರಿಯ ಅಂಚು ಹಸಿರಾಯಿತು. "ಹಸಿರು ಉರಿದರೆ ಬೋರಿಕ್ ಪುಡಿ ಇದೆ ಅಂತ. ಬೇಕಾದಷ್ಟು ಹಾಕಿದ್ದಾರೆ. ಹಸಿ ಗಾಯದ ಮೇಲೆ ಹಾಕಿದರೆ ಒಳಗೆ ರಕ್ತಕ್ಕೇ ಇಳಿಯುತ್ತೆ. ಇಷ್ಟು ಸಣ್ಣ ಮಕ್ಕಳು ಅದನ್ನು ತಡೆಯೋದಿಲ್ಲ" ಎಂದರು. ಮೈಯೆಲ್ಲ ತೊಳೆದು, ಐದು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದೆವು. ಕೂಸು ಉಳಿಯಿತು. ಮುಂದಿನ ಕೂಸು ಉಳಿಯುತ್ತದೆ ಅಂತ ಏನು ಖಾತ್ರಿ? ಆ ಡಬ್ಬಿ ಅಂಗಡಿಯಿಂದ ಇಳಿಯಲೇಬೇಕು ಅಂತ ಅವತ್ತೇ ಹಟ ಹಿಡಿದೆ.

ಡಬ್ಬಿ ಮಾರುತ್ತಿದ್ದವರು ಶಿಕಾರಿಪುರದ ಪೇಟೆಬೀದಿಯ ಒಬ್ಬ ಸಾವ್ಕಾರರು. ಖಾಲಿ ಡಬ್ಬಿ ತರಿಸಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರೇ ಪೌಡರು ತುಂಬಿಸಿ, ಮೇಲೊಂದು ಚೀಟಿ ಅಂಟಿಸುತ್ತಿದ್ದರು. ಚೀಟಿಯ ಮೇಲೆ ಗುಂಡುಗುಂಡಗಿನ ಕೆಂಪು ಕೆನ್ನೆಯ ಮಗು. ಒಳಗೆ ಏನಿದೆ ಅಂತ ಒಂದಕ್ಷರ ಇಲ್ಲ. ನಾನು ಸೀದಾ ಹೋಗಿ, ಇದರಲ್ಲಿ ಏನೇನು ಹಾಕಿದ್ದೀರಿ ಎಂದು ಕೇಳಿದೆ. ಸುವಾಸನೆ ಹಾಕೇವಿ ಅಂದರು. ಸುವಾಸನೆ ಬಿಟ್ಟು ಉಳಿದದ್ದು ಏನು ಅಂದೆ. ಒಳಗೇನೈತಿ ಅಂತ ನಿಮಗ್ಯಾಕೆ ನರ್ಸಮ್ಮ, ಯಾರೂ ತಿನ್ನಂಗಿಲ್ಲಲ್ಲ ಅಂದರು. ನನಗೆ ಸಿಟ್ಟು ತಲೆಗೆ ಏರಿತು. ಒಂದು ಕೂಸು ಸಾಯುವ ಹಾಗಾಗಿತ್ತು, ಗೊತ್ತೇನ್ರೀ ಎಂದು ಬೀದಿಗೆಲ್ಲ ಕೇಳುವ ಹಾಗೆ ಗದರಿದೆ.

ಸಾವ್ಕಾರರು ಒಂದಿಷ್ಟೂ ಅಲುಗಾಡಲಿಲ್ಲ. ಡಬ್ಬಿಯನ್ನು ನನ್ನ ಮುಖದ ಹತ್ತಿರ ಹಿಡಿದು, ಚೀಟಿಯ ಮೇಲಿನ ಮಗುವನ್ನು ಬೆರಳಿನಿಂದ ತಟ್ಟಿದರು.

"ಈ ಕೂಸನ್ನ ನೋಡ್ರಿ. ಎಷ್ಟು ದಿನದಿಂದ ಈ ಡಬ್ಬಿ ಮ್ಯಾಲೇ ಐತಿ. ಇದಕ್ಕೇನಾರ ಆಗೇತೇನು?"

ಸಾಹೇಬರ ಕೇರಂ ಬೋರ್ಡು

ಸಾವ್ಕಾರರಿಗೆ ಹೇಳಿ ಉಪಯೋಗವಿಲ್ಲ ಅಂತ ದೊಡ್ಡವರ ಹತ್ತಿರ ಹೋದೆ. ಊರಿನಲ್ಲಿ ಆಫೀಸರುಗಳೆಲ್ಲ ಸಂಜೆ ಸೇರುವ ಒಂದು ಕ್ಲಬ್ಬಿತ್ತು. ಹೆಸರಿಗೆ ಕ್ಲಬ್ಬು, ಇದ್ದದ್ದು ಎರಡು ಬೆಂಚು, ಒಂದು ಕೇರಂ ಬೋರ್ಡು. ಅಲ್ಲಿ ಒಬ್ಬ ಸಾಹೇಬರು, ಅವರ ಮಾತು ಅಂದರೆ ಊರಿನಲ್ಲಿ ನಡೆಯುತ್ತಿತ್ತು. ಅವರು ಕಾಯಿಗೆ ಗುರಿ ಇಟ್ಟುಕೊಂಡು ಕೂತಿದ್ದಾಗಲೇ ಹೋಗಿ ನಿಂತೆ. ಹೆಂಗಸು ಕ್ಲಬ್ಬಿಗೆ ಬಂದಳಲ್ಲ ಅಂತ ಎಲ್ಲರೂ ತಬ್ಬಿಬ್ಬಾದರು.

ಕೂಸಿನ ಕತೆ ಹೇಳಿದೆ. ಸಾಹೇಬರು ತಲೆಯಾಡಿಸಿದರು. ಅಯ್ಯೋ ಪಾಪ ಅಂದರು. ಬೋರಿಕ್ ಪುಡಿ ಅಂದರೆ ಏನು ಅಂತ ಕೇಳಿದರು. ಅವರ ಮುಂದಿನ ಬೋರ್ಡಿನ ಮೇಲೆ ನುಣ್ಣಗೆ ಜಾರಲಿ ಅಂತ ಬಿಳಿ ಪುಡಿ ಉದುರಿಸಿದ್ದರು. ನಾನು ಬೆರಳಿನಿಂದ ಬಳಿದು ತೋರಿಸಿದೆ. ಸ್ವಾಮಿ, ಇದೇ ಬೋರಿಕ್ ಪುಡಿ, ನೀವು ಕಾಯಿ ಜಾರಿಸುವುದಕ್ಕೆ ಹಾಕಿಕೊಳ್ಳುವುದನ್ನು ಅವರು ಎಳೆಮಕ್ಕಳ ಮೈಗೆ ಮಾರುತ್ತಿದ್ದಾರೆ, ಇದೇ ಸರಕು, ಇದೇ ಅಂಗಡಿ ಎಂದೆ. ಸಾಹೇಬರ ಮುಖ ಗಂಭೀರವಾಯಿತು. ಕೂಡಲೇ ಕ್ರಮ ತೆಗೆದುಕೊಳ್ಳುತ್ತೇನೆ, ನೀವು ಹೋಗಿರಿ ತಾಯಿ ಅಂದರು. ಸದ್ಯ, ಒಬ್ಬರಾದರೂ ಬುದ್ಧಿ ಇರುವವರು ಸಿಕ್ಕರು ಅಂತ ಅವತ್ತು ನೆಮ್ಮದಿಯಾಗಿ ಊಟ ಮಾಡಿದೆ.

ಎಂಟು ದಿನ ಬಿಟ್ಟು ಆ ದಾರಿಯಲ್ಲಿ ಹೋಗುತ್ತಿದ್ದೆ. ಕ್ಲಬ್ಬಿನ ಬಾಗಿಲಿಗೆ ಹೊಸ ನೋಟೀಸು ಅಂಟಿಸಿದ್ದರು, ಕೆಳಗೆ ಸಾಹೇಬರ ದೊಡ್ಡ ರುಜು. ಆಸೆಯಿಂದ ಹತ್ತಿರ ಹೋಗಿ ಓದಿದೆ.

"ಇದೂ ಮಕ್ಕಳ ಪೌಡರೂ ಒಂದೇ ಎಂದು ತಿಳಿದುಬಂದ ಮೇಲೆ ಕೇರಂ ಪುಡಿ ಬೇಗ ಬೇಗ ಖಾಲಿಯಾಗುತ್ತಿದೆ. ಸದಸ್ಯರು ಕ್ಲಬ್ಬಿನ ಪುಡಿಯನ್ನು ತಮ್ಮ ಮಕ್ಕಳಿಗಾಗಿ ಮನೆಗೆ ಒಯ್ಯಕೂಡದು."

ಅಜ್ಜಿಯ ಗುಟ್ಟು

ಪೇಟೆ ಸರಕಿನ ಕೈಗೆ ಸಿಗದೆ ಉಳಿದವಳು ಒಬ್ಬಳಿದ್ದಾಳೆ ಅಂತ ನಾನು ನಂಬಿಕೊಂಡಿದ್ದೆ. ಅವಳು ಮನೆಮನೆಗೆ ಹೋಗಿ ಕೂಸುಗಳಿಗೆ ಎರೆಯುವ ಅಜ್ಜಿ. ಕಾಲು ಚಾಚಿ ಮೊಣಕಾಲ ಮೇಲೆ ಕೂಸನ್ನು ಮಲಗಿಸಿ ನೀರು ಹಾಕುವ ಅವಳ ಕೈಚಳಕ ನನಗೂ ಇಲ್ಲ. ಡಬ್ಬಿ ಪೌಡರು ಕಂಡರೆ ಅವಳಿಗೂ ಆಗದು ಅಂತ ಎಲ್ಲರೂ ಹೇಳುತ್ತಿದ್ದರು. ಮನೆಮದ್ದಿನ ಒಂದು ಪುಡಿ ತಾನೇ ಕುಟ್ಟಿ, ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದು, ಎರೆದ ಮೇಲೆ ಹಚ್ಚುತ್ತಿದ್ದಳು.

ಅದರಲ್ಲಿ ಏನೇನಿದೆ ಅಜ್ಜಿ ಅಂತ ಕೇಳಿದೆ. ಹೇಳಿದರೆ ಅದರ ಶಕ್ತಿ ಹೋಗ್ತೈತಿ ಮಗಳೇ ಅಂದಳು. ನನಗೆ ಅಳಬೇಕೋ ಜಗಳಾಡಬೇಕೋ ತಿಳಿಯಲಿಲ್ಲ. ಸಾವ್ಕಾರರು ತಿಳಿದೂ ಹೇಳುವುದಿಲ್ಲ, ಇವಳೂ ಹಾಗೇ. ಮಗುವಿನ ಚರ್ಮಕ್ಕೆ ಹಚ್ಚುವುದು ಹೆತ್ತವಳಿಗೇ ಗೊತ್ತಾಗಬಾರದು ಅಂದರೆ ಯಾವ ನ್ಯಾಯ? ತಿಂಗಳುಗಟ್ಟಲೆ ಕಾಡಿದೆ, ಬೇಡಿದೆ, ಅವಳ ಸೊಂಟನೋವಿಗೆ ಎಣ್ಣೆ ತಿಕ್ಕಿದೆ. ಕೊನೆಗೆ ಒಂದು ದಿನ ಕರಗಿ, ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸಿಕೊಂಡು, ಅಂಗಳದ ಮೂಲೆಗೆ ಕರೆದುಕೊಂಡು ಹೋದಳು. ಕಡಲೆಹಿಟ್ಟು ಅಂದಳು. ಸರಿ ಅಂದೆ. ಕಸ್ತೂರಿ ಅರಿಶಿನ ಅಂದಳು. ಸರಿ. ಒಣಗಿದ ಗುಲಾಬಿ ಎಸಳು. ಅದೂ ಸರಿ. ಇನ್ನೇನು ಎದೆ ಹಗುರಾಗುವುದರಲ್ಲಿತ್ತು, ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು.

"ಮೊದಲು ಇಷ್ಟೇ ಇತ್ತು. ಈಗೊಂದು ಹೊಸ ಮೂಲಿಕೆ ಸೇರಿಸೇನಿ. ಬೆಳ್ಳಗೆ ಇರ್ತೈತಿ, ಡಬ್ಬ್ಯಾಗ ಬರ್ತೈತಿ, ಸಾವ್ಕಾರ್ರು ಕೊಡ್ತಾರ."

ಹಸಿರು ಬೆಂಕಿ

ಇದರಲ್ಲಿ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಕಣ್ಣಿಗೆ ಕಾಣಿಸಬೇಕು ಅಂತ ತೀರ್ಮಾನಿಸಿದೆ. ಆ ಹೊತ್ತಿಗೆ ಡಬ್ಬಿ ಬಸ್ಸಿನ ಮೇಲೆ ಸೊರಬಕ್ಕೂ ಹೋಗಲು ಶುರುವಾಗಿತ್ತು. ಸೊರಬದಲ್ಲಿ ಹೆಂಗಸರು ವಾರಕ್ಕೊಮ್ಮೆ ಒಂದು ಮನೆಯಲ್ಲಿ ಭಜನೆಗೆ ಸೇರುತ್ತಿದ್ದರು. ಭಜನೆ ಮುಗಿದ ಮೇಲೆ ಐದು ನಿಮಿಷ ಕೊಡಿ ಅಂತ ಕೇಳಿಕೊಂಡೆ. ಬಾಗಿಲು, ಕಿಟಕಿ ಮುಚ್ಚಿಸಿ ಕತ್ತಲು ಮಾಡಿದೆ. ಪಿಂಗಾಣಿ ಬಟ್ಟಲಿನಲ್ಲಿ ಡಾಕ್ಟರು ಮಾಡಿದ ಹಾಗೆಯೇ ಪೌಡರಿಗೆ ಸ್ಪಿರಿಟ್ಟು ಬೆರೆಸಿ ಕಡ್ಡಿ ಗೀರಿದೆ. ಭಗ್ಗನೆ ಹಸಿರು ಉರಿ ಎದ್ದಿತು. ಹೆಂಗಸರೆಲ್ಲ ಉಸಿರು ಹಿಡಿದು ನೋಡಿದರು. ಈಗ ಸರಿಯಾಗಿ ಹೆದರಿದರು ಅಂದುಕೊಂಡು, ನೋಡಿದಿರಲ್ಲ, ನಿಮ್ಮ ಮಕ್ಕಳ ಮೈಗೆ ಹಚ್ಚುವುದು ಇದನ್ನೇ ಎಂದೆ.

ಮುಂದೆ ಕೂತಿದ್ದ ಹಿರಿಯ ಹೆಂಗಸೊಬ್ಬರು ಬಟ್ಟಲಿಗೆ ಕೈ ಮುಗಿದರು. ಎಂತ ಚೆಂದದ ಹಸಿರು ಮಾರಾಯ್ತಿ ಅಂದರು. ಬಸುರಿಗೆ ಹಸಿರು ಬಳೆ, ಹಸಿರು ಸೀರೆ, ಈಗ ಕೂಸಿಗೂ ಹಸಿರೇ ಬಂತಲ್ಲ, ಇದಕ್ಕಿಂತ ಶುಭ ಬೇಕನ ಅಂದರು. ಉಳಿದವರು ಹೌದು ಹೌದು ಅಂದರು. ಇನ್ನೊಮ್ಮೆ ಹಚ್ಚಿ ತೋರಿಸಿ ಅಂದರು ಕೆಲವರು. ಇದು ವಿಷ, ಹಸಿ ಗಾಯಕ್ಕೆ ಹಾಕಿದರೆ ಮಗು ಹೋಗುತ್ತೆ ಅಂತ ನಾನು ಗಂಟಲು ಹರಿಯುವ ಹಾಗೆ ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಬಟ್ಟಲಿಗೆ ಕುಂಕುಮ ಹಚ್ಚಿಬಿಟ್ಟರು.

ಮುಂದಿನ ವಾರ ಸೊರಬದ ಬಸ್ಸು ಹತ್ತಿದರೆ ಮೇಲೆ ಎರಡು ಪೆಟ್ಟಿಗೆ ಡಬ್ಬಿ. ಕಂಡಕ್ಟರು ನನ್ನ ಕೈಗೂ ಒಂದು ಡಬ್ಬಿ ಕೊಟ್ಟ. ಸೊರಬದಲ್ಲಿ ವ್ಯಾಪಾರ ಕುದುರಿಸಿಕೊಟ್ಟದ್ದಕ್ಕೆ ಸಾವ್ಕಾರರು ಪ್ರೀತಿಯಿಂದ ಕೊಟ್ಟು ಕಳಿಸಿದ್ದಾರೆ ಅಂದ.

ತೊಟ್ಟಿಲಿಗೆ ಹಾಕಿದ ದಿನ

ಅಷ್ಟರಲ್ಲಿ ಸಾವ್ಕಾರರ ಮಗಳೇ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನೋವು ಶುರುವಾಗಿ ಒಂದೂವರೆ ದಿನವಾದರೂ ಹೆರಿಗೆಯಾಗಲಿಲ್ಲ. ಆಗ ಸಾವ್ಕಾರರು ಚಪ್ಪಲಿಯನ್ನೂ ಹಾಕಿಕೊಳ್ಳದೆ ನನ್ನ ಬಾಗಿಲಿಗೆ ಓಡಿಬಂದರು. ಜಗಳ ಅವರ ಜೊತೆ, ಬಸುರಿ ಜೊತೆ ಅಲ್ಲವಲ್ಲ. ಹೋದೆ. ಡಾಕ್ಟರೂ ಬಂದರು. ದೇವರ ದಯೆಯಿಂದ ಗಂಡು ಕೂಸು ಚೆನ್ನಾಗಿ ಹುಟ್ಟಿತು. ಸಾವ್ಕಾರರು ಅವತ್ತು ಅತ್ತದ್ದನ್ನು ನಾನು ನೋಡಿದ್ದೇನೆ, ಅದನ್ನು ಸುಳ್ಳು ಅನ್ನುವುದಿಲ್ಲ. ಹಾಗೆ ಅತ್ತ ಮನುಷ್ಯ ಮಾರನೇ ದಿನ ಅಂಗಡಿಯಲ್ಲಿ ಅದೇ ಡಬ್ಬಿ ಜೋಡಿಸುತ್ತಾ ಕೂತಿದ್ದರು.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನನ್ನನ್ನೂ ಕರೆದರು. ಒಳಗಿನ ಪಡಸಾಲೆ ತುಂಬ ಹೆಂಗಸರು, ಹೊರಗಿನ ಜಗಲಿ ತುಂಬ ಗಂಡಸರು. ಬಂದವರೆಲ್ಲ ಉಡುಗೊರೆ ತಂದಿದ್ದರು. ಏನು ಅಂತ ಹೇಳಬೇಕೇನು? ಕುಲಾವಿಯ ಜೊತೆ ಒಂದೊಂದು ಡಬ್ಬಿ. ಸಾವ್ಕಾರರ ಅಂಗಡಿಯಲ್ಲೇ ಕೊಂಡು ಸಾವ್ಕಾರರ ಮನೆಗೇ ತಂದಿದ್ದರು. ತೊಟ್ಟಿಲ ಪಕ್ಕ ಡಬ್ಬಿಗಳು ಸಾಲಾಗಿ ನಿಂತಿದ್ದವು.

ಕೂಸಿಗೆ ಎರೆದು ತಂದು ಬಟ್ಟೆಯ ಮೇಲೆ ಮಲಗಿಸಿದೆ. ಬೇಸಗೆಯ ದಿನ, ತೊಡೆಸಂದು ಸ್ವಲ್ಪ ಕೆಂಪಗಾಗಿ ಸುಲಿದಿತ್ತು. ಬೀಗರ ಕಡೆಯ ಹಿರಿಯಮ್ಮ ಒಬ್ಬರು ಮುಂದೆ ಬಂದು, ನಮ್ಮ ಕೂಸಿಗೆ ನಮ್ಮ ಕೈಯಿಂದಲೇ ಮೊದಲು ಪೌಡರು ಅಂತ ಒಂದು ಡಬ್ಬಿಯ ಮುಚ್ಚಳ ತಿರುವಿದರು. ನಾನು ಅವರ ಕೈ ಹಿಡಿದುಕೊಳ್ಳಬೇಕು, ಅಷ್ಟರಲ್ಲಿ ಆ ಮಾತು ಕೇಳಿಸಿಕೊಂಡು ಜಗಲಿಯಿಂದ ಒಬ್ಬರು ಧಡಧಡನೆ ಒಳಗೆ ನುಗ್ಗಿದರು. ಸಾವ್ಕಾರರು. ಗಂಡಸರು ಬರಬಾರದ ಕಡೆ, ಕೂತ ಹೆಂಗಸರ ಕಾಲು ಸೀರೆ ತುಳಿದುಕೊಂಡು ಬಂದು, ಬೀಗಿತ್ತಿಯ ಕೈಯಿಂದ ಡಬ್ಬಿ ಕಿತ್ತುಕೊಂಡರು.

ಯಾಕ್ರೀ, ಏನಾಯಿತು ಅಂದರು ಬೀಗಿತ್ತಿ, ಮುಖ ಕೆಂಪಗೆ ಮಾಡಿಕೊಂಡು.

"ಬ್ಯಾಡ್ರೀ ಅಕ್ಕಾರೆ. ನಮ್ಮ ಕೂಸಿಗೆ ಇದು ಬ್ಯಾಡ. ಇದರಾಗ ಏನು ಹಾಕೇನಿ ಅಂತ ನನಗೆ ಗೊತ್ತೈತಿ."

ಅಲ್ಲಿದ್ದ ಹೆಂಗಸರಲ್ಲಿ ಆ ಪೌಡರನ್ನು ತಮ್ಮ ಕೂಸಿಗೆ ಹಚ್ಚದವರು ಒಬ್ಬರೂ ಇರಲಿಲ್ಲ. ನಾನು ಎರಡು ವರ್ಷ ಬಾಯಿ ಬಡಕೊಂಡರೂ ತಲೆಗೆ ಹೋಗದ್ದು ಅವರಿಗೆ ಆ ಒಂದು ಮಾತಿಗೆ ಹೋಯಿತು. ಸಾವ್ಕಾರರಿಗೂ ತಾನು ಏನು ಅಂದೆ ಅಂತ ಆಗ ಅರಿವಾಯಿತು. ಹಿಂದೆ ಹಿಂದೆ ಸರಿದರು. ಬಾಗಿಲಿಗೆ ಆಗಲೇ ನಾಲ್ಕು ಜನ ಅಡ್ಡ ನಿಂತಿದ್ದರು.

ಬೀಗಿತ್ತಿಯೇ ಎದ್ದರು. ಸಾಲಿನಿಂದ ಇನ್ನೊಂದು ಡಬ್ಬಿ ಎತ್ತಿ ಮುಚ್ಚಳ ತೆಗೆದರು. ಉಳಿದವರೂ ಒಂದೊಂದು ಎತ್ತಿಕೊಂಡರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ವರ್ಷದಲ್ಲಿ ಮೊದಲನೆಯ ಸಲ, ಆ ಊರಿನ ಹೆಂಗಸರು ಒಂದು ಪೌಡರು ಹಚ್ಚುವ ಮುಂಚೆ ನನ್ನನ್ನು ಕೇಳಿದರು.

"ನರ್ಸಮ್ಮಾ, ಇದನ್ನ ಇವರಿಗೆ ಹಚ್ಚಿದರೆ ಏನಾರ ಆಗ್ತೈತೇನ್ರೀ?"

ನಾನು ಸಾವ್ಕಾರರ ಕೈ, ಕತ್ತು, ಬೋಳುತಲೆ ಎಲ್ಲ ಸರಿಯಾಗಿ ಪರೀಕ್ಷೆ ಮಾಡಿದೆ. ಎಲ್ಲೂ ಒಂದು ಗೀರು ಗಾಯ ಇರಲಿಲ್ಲ.

"ದೊಡ್ಡವರು, ಚರ್ಮ ಗಟ್ಟಿಯಿದೆ, ಏನೂ ಆಗೋದಿಲ್ಲ. ಕಣ್ಣು ಬಾಯಿ ಬಿಟ್ಟು ಎಲ್ಲಾ ಕಡೆ ಹಚ್ಚಿರಿ" ಎಂದೆ.