ಕಾಕಂಬಿ ಕುಡಿದ ಟಾಂಕಿ

ಗೊತ್ತಿಲ್ಲದ ವಿಷಯದ ಮೇಲೆ ಅರ್ಧ ಗಂಟೆ ಮಾತನಾಡಿ ಎಂದರೆ ನಾನು ಒಂದು ಗಂಟೆ ಮಾತನಾಡಬಲ್ಲೆ. ಗೊತ್ತಿರುವ ವಿಷಯವಾದರೆ ಹತ್ತು ನಿಮಿಷಕ್ಕೇ ಬಾಯಿ ಒಣಗುತ್ತದೆ. ಇದು ದೋಷವೆಂದು ಬಲ್ಲೆ. ಆದರೆ ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವನಿಗೆ ಸರ್ಕಾರ ಪಿಂಚಣಿ ಕೊಡುತ್ತದೆಯೇ ಹೊರತು ಕೈಕಟ್ಟಿ ಕೇಳುವ ಮಕ್ಕಳನ್ನು ಕೊಡುವುದಿಲ್ಲ. ಹೀಗಾಗಿ ನಿವೃತ್ತನಾದ ಮೇಲೆ ಕೇಳುಗರನ್ನು ನಾನೇ ಹುಡುಕಿಕೊಂಡು ಹೊರಟೆ. ಸೋಮವಾರ ಬೀದರಿನ ನೌಬಾದದಲ್ಲಿ ನಮ್ಮ ಓಣಿಯ ಸತ್ಸಂಗ, ಗುರುವಾರ ಇನ್ನೊಂದು ಓಣಿಯದು, ನಡುವೆ ಯಾರದಾದರೂ ಮನೆಯ ಗೃಹಪ್ರವೇಶ, ತೊಟ್ಟಿಲ ಕಾರ್ಯಕ್ರಮ. ಮೈಕು ಇದ್ದಲ್ಲಿ ನಾನಿರುತ್ತಿದ್ದೆ. ನನ್ನ ಮೆಚ್ಚಿನ ವಿಷಯ ವ್ಯಸನಮುಕ್ತಿ. ಕುಡಿತದ ಕೆಡುಕಿನ ಬಗ್ಗೆ ನಾನು ಮಾತಾಡಿದರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆಂದು ಹೆಸರಿದೆ. ಕುಡಿಯುವವರು ಸತ್ಸಂಗಕ್ಕೆ ಬರುವುದಿಲ್ಲವಾದ್ದರಿಂದ ಅವರ ಅಭಿಪ್ರಾಯ ನನಗಿನ್ನೂ ತಿಳಿದಿಲ್ಲ.

ಇಂಥ ನನ್ನ ಮನೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಅಪ್ಪನ ಲಾರಿ ನಿಂತಿದೆ. ಮುಂದೆ ಉದ್ದ ಮೂತಿ ಇರುವ ಹಳೆಯ ಕಾಲದ ಲಾರಿ. ಔರಾದ ಕಡೆಯ ತೊಗರಿ, ಹೆಸರು, ಉದ್ದನ್ನೆಲ್ಲ ಬೀದರಿನ ಗಂಜ್ ಮಾರುಕಟ್ಟೆಗೆ ಹೊತ್ತು ತಂದು ನಮ್ಮನ್ನು ಸಾಕಿದ್ದು ಅದೇ. ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು. ಈಗ ವರ್ಷಕ್ಕೆ ಒಂದೇ ದಿನ ಅದು ಅಂಗಳ ಬಿಟ್ಟು ದೂರ ಹೊರಡುತ್ತದೆ, ಎಳ್ಳ ಅಮಾವಾಸ್ಯೆಯ ದಿನ. ನಮ್ಮ ಸೀಮೆಯಲ್ಲಿ ಆ ದಿನ ಮನೆಯಲ್ಲಿ ಉಣ್ಣುವವರು ಕಡಿಮೆ. ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಯ ಗಡಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆಂದು ಬೆಳೆಯ ಮೇಲೆ ಚರಗ ಚೆಲ್ಲಿ, ಅಲ್ಲೇ ಸಾಲಾಗಿ ಕುಳಿತು ಉಣ್ಣುವುದು. ನಮ್ಮ ಹೊಲ ಸಂತಪುರದ ಹತ್ತಿರ. ಅಷ್ಟೂರಿನ ತಂಗಿಯ ಮನೆಯವರೂ ಸೇರಿ ಇಪ್ಪತ್ತೈದು ಜನ ಹಿಂದೆ, ಅವ್ವ ಮುಂದೆ.

ಅವ್ವನಿಗೆ ಈಗ ಎಂಬತ್ತೆರಡು. ಲಾರಿ ಮನೆಗೆ ಬಂದಾಗಿನಿಂದ ಒಂದು ಅಮಾವಾಸ್ಯೆಯೂ ತಪ್ಪದೆ ಆ ಮುಂದಿನ ಸೀಟಿನಲ್ಲಿ ಕುಳಿತು ಹೊಲಕ್ಕೆ ಹೋದವಳು. ಹೋದ ವರ್ಷ ಹತ್ತಿಸುವುದಕ್ಕೇ ಇಬ್ಬರು ಬೇಕಾದರು. ‘ಈ ಸಲ ಕಾರಿನಾಗ ಹೋಗೂಣವ್ವ, ಮೆತ್ತಗಿರ್ತದ’ ಎಂದೆ. ‘ಕಾರಿನಾಗ ನೀ ಹೋಗು. ನಾ ಗಾಡ್ಯಾಗ ಹೋಗ್ತೇನಿ. ಗಾಡಿ ಇಲ್ಲಂದ್ರ ನಾ ಮನ್ಯಾಗೇ ಇರ್ತೇನಿ’ ಎಂದಳು. ‘ಮುಂದಿನ ವರ್ಷದ ಮಾತು ಯಾರು ಕಂಡಾರ?’ ಎಂದೂ ಸೇರಿಸಿದಳು. ಆಮೇಲೆ ನಾನು ಕಾರಿನ ಮಾತೆತ್ತಲಿಲ್ಲ.

ಹಬ್ಬಕ್ಕೆ ತಿಂಗಳಿರುವಾಗ ಒಂದು ಬೆಳಿಗ್ಗೆ ತಾಲೀಮಿಗೆಂದು ಲಾರಿ ಶುರು ಮಾಡಿದೆ. ಶುರುವೇನೋ ಆಯಿತು. ದೊಡ್ಡ ರಸ್ತೆಗೆ ಬಂದದ್ದೇ ತಡ, ಎರಡು ಸಲ ಕೆಮ್ಮಿ ನಟ್ಟನಡುವೆ ನಿಂತುಬಿಟ್ಟಿತು. ಹಿಂದಿನ ಆಟೋದವರು, ಬಸ್ಸಿನವರು ನನ್ನ ವಂಶದ ಬಗ್ಗೆ ಕೇಳಬಾರದ್ದನ್ನೆಲ್ಲ ಕೇಳಿದರು. ಟ್ರ್ಯಾಕ್ಟರಿಗೆ ಕಟ್ಟಿ ಮನೆಗೆ ಎಳೆಸಿ ತಂದು ಡೀಸೆಲ್ ಫಿಲ್ಟರ್ ಬಿಚ್ಚಿಸಿದರೆ ಒಳಗೆ ನಮ್ಮ ಬೀದರಿನ ನೆಲದಂಥ ಕೆಂಪು ರಾಡಿ. ಇಲ್ಲಿಯ ಹೊಸ ಮೆಕ್ಯಾನಿಕ್ಕುಗಳು ಅದನ್ನು ನೋಡಿ ನಕ್ಕರು, ಲಾರಿಯ ಜೊತೆ ಫೋಟೋ ತೆಗೆಸಿಕೊಂಡರು, ಹೋದರು. ಕೊನೆಗೆ ಆ ರಾಡಿಯನ್ನು ಒಂದು ಬಾಟಲಿಗೆ ತುಂಬಿಕೊಂಡು ಬಸ್ಸು ಹತ್ತಿ ಭಾಲ್ಕಿಗೆ ಹೊರಟೆ. ಪಕ್ಕದಲ್ಲಿ ಕುಳಿತ ಮುದುಕಿ, ‘ಯಾರಿಗಿ ಆರಾಮಿಲ್ರಿ? ಕಷಾಯ ಭಾಳ ಗಟ್ಟಿ ಆಗ್ಯಾದ’ ಎಂದು ಮರುಕ ತೋರಿಸಿದಳು.

ಭಾಲ್ಕಿಯಲ್ಲಿ ಖಾಜಾಮಿಯಾ ಇದ್ದಾರೆ. ಅಪ್ಪನ ಕಾಲದಿಂದ ನಮ್ಮ ಲಾರಿಯ ನಾಡಿ ಬಲ್ಲವರು. ಈಗ ಗ್ಯಾರೇಜನ್ನು ಅಳಿಯನಿಗೆ ಬಿಟ್ಟು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತಾರೆ. ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿ, ‘ಟಾಂಕಿ ಒಳಗ ಪೂರಾ ಜಂಗ್ ಹಿಡದದರಿ ಮಾಸ್ತರ್’ ಎಂದರು. ತುಕ್ಕಿಗೆ ನಮ್ಮಲ್ಲಿ ಜಂಗ್ ಎನ್ನುತ್ತಾರೆ. ‘ತೆಗೀಲಾಕ ಹಳೀ ಉಪಾಯ ಒಂದದ. ಕಾಕಂಬಿ ತರ್ರಿ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು. ಇಪ್ಪತ್ತು ದಿನ ಟಾಂಕ್ಯಾಗ ಹಾಕಿ ಬಿಡ್ರಿ, ಜಂಗ್ ಎಲ್ಲಾ ಬಿಟ್ಕೊಂಡು ಬರ್ತದ. ಆದ್ರ ಮಾಸ್ತರ್, ಒಂದ್ ಮಾತು...’ ಅಷ್ಟರಲ್ಲಿ ನನಗೆ ಹುರುಪು ಬಂದುಬಿಟ್ಟಿತ್ತು. ಸಕ್ಕರೆ ಮಾಡಿದ ಮೇಲೆ ಉಳಿಯುವ ಆ ಕಪ್ಪು ಪಾಕಕ್ಕೂ ಕಬ್ಬಿಣಕ್ಕೂ ಇರುವ ಸಂಬಂಧ, ನಮ್ಮ ಹಿರಿಯರ ವಿಜ್ಞಾನ, ಮನುಷ್ಯನ ಮನಸ್ಸಿಗೂ ಹಿಡಿಯುವ ತುಕ್ಕು, ಎಲ್ಲದರ ಬಗ್ಗೆ ಹೇಳತೊಡಗಿದೆ. ನಡುವೆ ಅವರು ಮೂರು ಸಲ ‘ಆದ್ರ ಮಾಸ್ತರ್’ ಎಂದದ್ದು ನೆನಪಿದೆ. ನಾನು ಮೂರು ಸಲವೂ ಕೈಯೆತ್ತಿ ತಡೆದೆ. ಕೊನೆಗೆ ಅವರು ಚಹಾ ತರಿಸಿ ಸುಮ್ಮನಾದರು.

ದನದ ಹಿಂಡಿ ಮಾರುವ ಅಂಗಡಿಯಲ್ಲಿ ಕಾಕಂಬಿ ಸಿಕ್ಕಿತು. ಟಾಂಕಿಯನ್ನು ಲಾರಿಯಿಂದ ಇಳಿಸಿ, ಉಳಿದ ಡೀಸೆಲ್ ಬಸಿದು, ಸೋಪಿನ ನೀರಿನಲ್ಲಿ ತೊಳೆದು, ಬೇವಿನ ಮರದ ಹತ್ತಿರ ಎರಡು ಕಲ್ಲಿನ ಮೇಲಿಟ್ಟು ಪಾಕ ತುಂಬಿಸಿದೆವು. ಚಳಿಗಾಲದಲ್ಲಿ ಅವ್ವ ಬಿಸಿಲು ಕಾಯಲು ಹೊರಸಿನ ಮಂಚ ಹಾಕಿಕೊಳ್ಳುವುದೂ ಅಲ್ಲೇ. ಹೀಗೆ ಒಂದು ಕಡೆ ಅವ್ವ, ಒಂದು ಕಡೆ ಟಾಂಕಿ, ನಡುವೆ ಸ್ಟೂಲಿನ ಮೇಲೆ ನಾನು. ದಿನಕ್ಕೆ ನಾಲ್ಕು ಸಲ ಬ್ಯಾಟರಿ ದೀಪ ಬಿಟ್ಟು ಒಳಗೆ ನೋಡುತ್ತಿದ್ದೆ. ‘ಬಾಣಂತಿ ಕೋಣ್ಯಾಗ ಬಗ್ಗಿ ನೋಡಿದಂಗ ನೋಡ್ತೀರಲ್ರಿ’ ಎಂದು ನನ್ನ ಹೆಂಡತಿ ಕಸ್ತೂರಿ ನಗುತ್ತಿದ್ದಳು.

ಮೊದಲು ಇರುವೆ ಬಂದವು. ಆಮೇಲೆ ಜೇನುನೊಣ. ಐದನೆಯ ದಿನ ಟಾಂಕಿಯ ಬಾಯಿಂದ ಬುಳುಬುಳು ನೊರೆ ಎದ್ದಿತು. ಏಳನೆಯ ದಿನ ವಾಸನೆ ಎದ್ದಿತು. ಬೆಲ್ಲದ ಪಾಕ ಕೊಳೆತರೆ ಏನಾಗುತ್ತದೆಂದು ವ್ಯಸನಮುಕ್ತಿಯ ಭಾಷಣದಲ್ಲಿ ನಾನೇ ಎಷ್ಟೋ ಸಲ ವಿವರಿಸಿದ್ದೇನೆ. ಆದರೂ ನನ್ನ ಅಂಗಳದಲ್ಲಿ ಆಗುತ್ತಿರುವುದು ಅದೇ ಎಂದು ಹೊಳೆಯಲಿಲ್ಲ. ವಾಸನೆ ಗೋಡೆ ದಾಟಿತು, ಓಣಿ ದಾಟಿತು. ಹಾಲಿನವಳು ಮೂಗಿಗೆ ಸೆರಗು ಹಿಡಿದು ಗೇಟಿನಲ್ಲೇ ಹಾಲಿಟ್ಟು ಹೋಗತೊಡಗಿದಳು. ಒಂದು ಸಂಜೆ ಅಪರಿಚಿತರೊಬ್ಬರು ಗೇಟಿನ ಹೊರಗೆ ನಿಂತು ಬಹಳ ವಿನಯದಿಂದ, ‘ನಮಸ್ಕಾರ್ರಿ ಮಾಸ್ತರ್. ಯಾವಾಗಿಂದ ಕೊಡ್ಲಾಕ ಸುರು ಮಾಡ್ತೀರಿ?’ ಎಂದರು. ಏನನ್ನು ಎಂದೆ. ಅವರು ಚೀಲದಲ್ಲಿದ್ದ ಖಾಲಿ ಬಾಟಲಿಯ ಕುತ್ತಿಗೆಯನ್ನಷ್ಟೇ ತೋರಿಸಿದರು. ನಾನು ಅಲ್ಲೇ ನಿಂತು ಕುಡಿತದ ಬಗ್ಗೆ ಇಪ್ಪತ್ತು ನಿಮಿಷ ಹೇಳಿದೆ. ಅವರು ಪೂರ್ತಿ ಕೇಳಿ, ‘ಹೌದ್ರಿ, ಮಂದಿ ಮುಂದ ಹಿಂಗೇ ಮಾತಾಡಬೇಕಾಗ್ತದ’ ಎಂದು ಒಪ್ಪಿಕೊಂಡು ಹೋದರು.

ಸೋಮವಾರ ಸತ್ಸಂಗಕ್ಕೆ ಮೀಸಲಿಟ್ಟ ಬಿಳಿ ಅಂಗಿ ತೊಟ್ಟು ಹೋದೆ. ಅಂಗಿಯೂ ವಾಸನೆ ಕುಡಿದಿತ್ತು. ನಾನು ಕುಳಿತ ಸಾಲು ಮೆಲ್ಲಗೆ ಖಾಲಿಯಾಯಿತು. ಮುಗಿದ ಮೇಲೆ ಸತ್ಸಂಗ ನಡೆಸುವ ಮಾಣಿಕಪ್ಪನವರು ನನ್ನನ್ನು ಚಪ್ಪಲಿ ಬಿಡುವ ಜಾಗಕ್ಕೆ ಕರೆದೊಯ್ದರು. ‘ಶರಣ್ರೀ, ಮನ್ಯಾಗ ಏನರ ತ್ರಾಸ್ ಅದನ್ರಿ?’ ಎಂದರು. ‘ಏನಿಲ್ಲ, ಟಾಂಕಿ ತೊಳೀಲಾಕತ್ತೇನಿ’ ಎಂದೆ. ‘ಹೌದೌದು’ ಎಂದು ಅವರು ನನ್ನ ಹೆಗಲು ತಟ್ಟಿದರು. ಆ ತಟ್ಟುವಿಕೆಯಲ್ಲಿದ್ದ ಕರುಣೆಯನ್ನು ನಾನು ಸಾಯುವತನಕ ಮರೆಯಲಾರೆ. ‘ಸ್ವಲ್ಪ ದಿನ ಆರಾಮ್ ತಗೋರಿ. ನಿಮ್ಮ ಭಾಷಣಕ್ಕ ಬ್ಯಾರೆಯವರನ್ನ ಕೇಳೇವಿ. ಬಿಡ್ಲಾಕ ಮನಸ್ಸು ಮಾಡಿದ್ರ ಯಾವುದೂ ದೊಡ್ಡದಲ್ರಿ.’ ಇದು ನನ್ನದೇ ಭಾಷಣದ ಕೊನೆಯ ವಾಕ್ಯ. ಗುರುವಾರದವರೂ ಫೋನು ಮಾಡಿ ಬರಬೇಡಿ ಎಂದರು. ಟಾಂಕಿಯನ್ನು ಒದ್ದು ಉರುಳಿಸಿಬಿಡೋಣ ಎನ್ನಿಸಿತು. ಆದರೆ ಹಬ್ಬಕ್ಕೆ ಹದಿನೈದೇ ದಿನ ಉಳಿದಿತ್ತು, ಅವ್ವ ದಿನಾ ‘ಎಲ್ಲೀತನ ಬಂತೋ?’ ಎಂದು ಕೇಳುತ್ತಿದ್ದಳು.

ಹೋಗಲು ಜಾಗವಿಲ್ಲದೆ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಒಂಬತ್ತಕ್ಕೆ ಸ್ಟೂಲಿನ ಮೇಲೆ ಕುಳಿತರೆ ಊಟದ ಹೊತ್ತಿಗೆ ಏಳುವುದು. ಮೊದಲ ಎರಡು ದಿನ ಕೇಳುಗರು ಬೇರೆ ಇಲ್ಲವೆಂದು ಅವ್ವನಿಗೇ ಭಾಷಣ ಮಾಡಿದೆ. ಅವಳು ನಿದ್ದೆ ಹೋದಳು. ಮೂರನೆಯ ದಿನ ನನ್ನ ಮಡಿಲಿಗೆ ತೊಗರಿಕಾಯಿಯ ಬುಟ್ಟಿ ಹಾಕಿ, ‘ಬಾಯಿ ನಡಸೂ ಬದ್ಲಿ ಕೈ ನಡಸು’ ಎಂದಳು. ಕಾಯಿ ಸುಲಿಯುತ್ತ ಕುಳಿತೆ. ಆಗ ಅವಳು ಮಾತಾಡಿದಳು. ಔರಾದ ರಸ್ತೆಯಲ್ಲಿ ಟೈರು ಒಡೆದು ಅಪ್ಪ ಅವ್ವ ಇಬ್ಬರೂ ಉದ್ದಿನ ಚೀಲಗಳ ಮೇಲೆ ಮಲಗಿದ್ದು, ನನಗೆ ದಡಾರ ಎದ್ದಾಗ ಲಾರಿಯ ತುಂಬ ಮಾಲಿದ್ದರೂ ಇಳಿಸದೆ ಹಾಗೇ ಆಸ್ಪತ್ರೆಗೆ ಓಡಿಸಿದ್ದು, ಸಿಟ್ಟು ಬಂದಾಗ ಅಪ್ಪ ಮನೆಯಲ್ಲಿ ಮಾತು ಬಿಟ್ಟು ಲಾರಿಯೊಂದಿಗೆ ಮಾತಾಡುತ್ತಿದ್ದದ್ದು. ಅರವತ್ತಮೂರು ವರ್ಷ ಇವಳ ಮಗನಾಗಿದ್ದೂ ಇದರಲ್ಲಿ ಮುಕ್ಕಾಲು ಪಾಲು ನನಗೆ ಗೊತ್ತಿರಲಿಲ್ಲ. ಸುಳ್ಳೇಕೆ ಹೇಳಲಿ, ಆ ದಿನಗಳಲ್ಲಿ ನನಗೆ ಬಹಳ ಸುಖವೆನಿಸಿತು. ವಾಸನೆಯೂ ಒಗ್ಗಿಹೋಯಿತು.

ಇಪ್ಪತ್ತು ದಿನ ತುಂಬಿದ ಮೇಲೆ ಟಾಂಕಿ ಬರಿದು ಮಾಡಿ, ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟೆವು. ಒಳಗೆ ಬ್ಯಾಟರಿ ಬಿಟ್ಟರೆ ಬೆಳ್ಳಿಯ ಗಿಂಡಿಯಂತೆ ಹೊಳೆಯಿತು. ಕಸ್ತೂರಿಯನ್ನು ಕರೆದು ತೋರಿಸಿದೆ, ಕರೆಯದ ನೆರೆಯವರಿಗೂ ತೋರಿಸಿದೆ. ಹಬ್ಬಕ್ಕೆ ಎರಡು ದಿನವಿತ್ತು. ಟಾಂಕಿ ಕೂರಿಸಿ ಡೀಸೆಲ್ ಸುರಿದೆ. ಮೊದಲು ಒಂದು ಹನಿ ಬಿತ್ತು. ಆಮೇಲೆ ಏಳೆಂಟು ಕಡೆಯಿಂದ ಸಣ್ಣ ಧಾರೆಗಳು. ಕೆಳಗೆ ಕೊಡ, ಬಕೆಟ್ಟು, ಪರಾತ ಹಿಡಿದು ಮನೆಮಂದಿಯೆಲ್ಲ ಓಡಾಡಿದೆವು.

ಫೋನು ಮಾಡಿದ್ದಕ್ಕೆ ಪಾಪ, ಖಾಜಾಮಿಯಾ ಮರುದಿನ ಬೆಳಿಗ್ಗೆಯೇ ಭಾಲ್ಕಿಯಿಂದ ಬಂದರು. ಬಗ್ಗಿ ನೋಡಿ ನೆಲದ ಮೇಲೇ ಕುಳಿತು ನಕ್ಕರು. ‘ತಗಡು ಎಂದೋ ಹೋಗಿತ್ತರಿ ಮಾಸ್ತರ್. ಇಷ್ಟ್ ದಿನ ತೂತು ಮುಚ್ಚಿದ್ದೇ ಆ ಜಂಗ್. ಅದನ್ನೇ ತೆಗದೀರಿ! ತಗಡು ಗಟ್ಟಿ ಅದನೋ ಇಲ್ಲೋ ಮೊದಲ ಬಡದು ನೋಡ್ರಿ ಅಂತ ಆವತ್ತೇ ಹೇಳ್ಲಾಕ ಬಂದೆ. ನೀವು ಹೇಳ್ಲಾಕ ಎಲ್ಲಿ ಬಿಟ್ರಿ?’ ಬೆಸುಗೆ ಹಾಕಿದರೆ ತೂತು ಇನ್ನೂ ದೊಡ್ಡದಾಗುತ್ತದೆ, ಹೊಸ ಟಾಂಕಿ ಮಾಡಿಸಲು ವಾರ ಬೇಕು ಎಂದರು. ನಾಳೆಯೇ ಅಮಾವಾಸ್ಯೆ. ಒಳಗೆ ಕಸ್ತೂರಿ ಸಜ್ಜೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಹೊರಸಿನ ಮೇಲಿದ್ದ ಅವ್ವನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ‘ಅವ್ವ, ಈ ವರ್ಷ ಆಗಂಗಿಲ್ಲ’ ಎಂದು ನೆಲ ನೋಡುತ್ತ ಹೇಳಿದೆ.

ಅವ್ವ ಕೈಯಲ್ಲಿದ್ದ ಕಾಯಿಯ ಸಿಪ್ಪೆ ಕೊಡವಿ, ‘ಖಾಜಾ, ಕ್ಯಾನ್ ಕಟ್ಟೋ’ ಎಂದಳು.

‘ಹಾಂ ಅಮ್ಮಾ’ ಎಂದು ಖಾಜಾಮಿಯಾ ಎದ್ದರು, ಈ ಮಾತಿಗೇ ಕಾದಿದ್ದವರಂತೆ. ಒಂದು ಪ್ಲಾಸ್ಟಿಕ್ ಕ್ಯಾನಿಗೆ ಡೀಸೆಲ್ ತುಂಬಿ, ಮುಂದಿನ ಸೀಟಿನ ಹಿಂದೆ ಬಿಗಿಯಾಗಿ ಕಟ್ಟಿ, ಎರಡು ಪೈಪು ಎಳೆದು ಇಂಜಿನ್ನಿಗೆ ಜೋಡಿಸಿದರು. ಎಲ್ಲ ಸೇರಿ ಒಂದು ಗಂಟೆಯ ಕೆಲಸ. ಲಾರಿ ಒಂದೇ ಸಲಕ್ಕೆ ಗುಡುಗಿತು.

ಮರುದಿನ ಹೊರಟೆವು. ಇಬ್ಬರಲ್ಲ, ಮೂವರು ಸೇರಿ ಅವ್ವನನ್ನು ಹತ್ತಿಸಿದೆವು. ಹಿಂದೆ ಮಕ್ಕಳ ಗದ್ದಲ, ಅಂಬಲಿಯ ಗಡಿಗೆ ಹಿಡಿದ ತಂಗಿಯ ಕೂಗಾಟ, ಎರಡೂ ಕಡೆ ಕಡಲೆ, ಜೋಳದ ಹೊಲ. ಅವ್ವ ಒಂದು ಕೈಯನ್ನು ಹಿಂದೆ ಚಾಚಿ ಕ್ಯಾನಿನ ಮೇಲೆ ಇಟ್ಟುಕೊಂಡಿದ್ದಳು. ‘ಹಿಂದಕ ಒಮ್ಮೆ ಟಾಂಕಿ ಕೆಟ್ಟಾಗ ನಿಮ್ಮಪ್ಪಾರು ಎರಡು ವರ್ಷ ಹಿಂಗೇ ಓಡಸಿದ್ರು. ನಾನೇ ಹಿಡಕೊಂಡು ಕೂಡ್ತಿದ್ದೆ’ ಎಂದಳು. ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ‘ಮತ್ತ ಮೊದಲ ಯಾಕ ಹೇಳ್ಲಿಲ್ಲವ್ವ? ಹದಿನೈದು ದಿನ ಊರ ಮುಂದ ಕುಡುಕ ಅನ್ನಿಸಿಕೊಂಡೆನಲ್ಲ!’

‘ಹೇಳಿದ್ರ ನೀ ಒಂದು ತಾಸಿನಾಗ ಕಟ್ಟಿಸಿ ಮತ್ತ ಭಾಷಣಕ್ಕ ಹೋಗ್ತಿದ್ದಿ’ ಎಂದಳು ಅವ್ವ, ರಸ್ತೆಯಿಂದ ಕಣ್ಣು ತೆಗೆಯದೆ. ‘ಇಪ್ಪತ್ತು ದಿನ ನನ್ನ ಬಾಜೂಕ ಕೂತಿ. ನನಗ ಸಾಕಾತು.’

ಸಂತಪುರ ಬರುವವರೆಗೂ ಸುಮ್ಮನೆ ಲಾರಿ ಓಡಿಸಿದೆ. ಮೈಕು ಹಿಡಿದಾಗಿನಿಂದ ಇಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು.

ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಉಣ್ಣಲು ಕುಳಿತಾಗ ಮಾಣಿಕಪ್ಪನವರ ಫೋನು ಬಂತು. ಟಾಂಕಿಯ ನಿಜವಾದ ಕಥೆ ನೆರೆಯವರಿಂದ ಅವರಿಗೆ ತಿಳಿದಿತ್ತಂತೆ. ‘ತಪ್ಪಾತ್ರಿ ಶರಣ್ರೀ, ಮನಸ್ಸಿಗಿ ಹಚ್ಕೋಬ್ಯಾಡ್ರಿ. ಬರೂ ಸೋಮವಾರ ನೀವೇ ಮಾತಾಡಬೇಕು. ವಿಷಯ ತಾಯಿ-ತಂದಿ ಸೇವಾ. ನಿಮ್ಮಷ್ಟು ಚಂದ ಅದನ್ನ ಯಾರು ಹೇಳ್ತಾರ?’ ಎಂದರು. ಪಕ್ಕದಲ್ಲಿ ಅವ್ವ ರೊಟ್ಟಿ ಮುರಿದು ಭಜ್ಜಿಯಲ್ಲಿ ಅದ್ದುತ್ತ, ಏನೂ ಕೇಳಿಸದವಳಂತೆ ಕುಳಿತಿದ್ದಳು. ‘ಇಲ್ರಿ, ಟಾಂಕಿ ಕೆಲಸ ಇನ್ನೂ ಮುಗದಿಲ್ಲ’ ಎಂದೆ. ‘ಮತ್ತ ಎಂದು ಮುಗೀತದರಿ?’ ಎಂದರು. ಕಾಕಂಬಿ ಇನ್ನೂ ಒಂದು ಡಬ್ಬ ಉಳಿದಿದೆ, ತಗಡು ಬಹಳ ಹಟಮಾರಿ, ಬೇಸಿಗೆಯತನಕ ಹಿಡಿಯಬಹುದು ಎಂದು ಕಣ್ಣು ಮಿಟುಕಿಸದೆ ಹೇಳಿ ಫೋನಿಟ್ಟೆ. ಊರಿಗೆಲ್ಲ ಚಟ ಬಿಡಿಸಲು ಹೊರಟಿದ್ದ ಮಾಸ್ತರನಿಗೆ ಅರವತ್ತಮೂರನೆಯ ವಯಸ್ಸಿನಲ್ಲಿ ಸುಳ್ಳಿನ ಚಟ ಹತ್ತಿದೆ. ಬಿಡುವ ಮನಸ್ಸು ಮಾತ್ರ ಇಲ್ಲ.