ಕೊಕ್ಕರೆ ನೆಸ್ಟರ್‌ನ ಓಟ

"ನಿನ್ನ ಕೈಯಲ್ಲಿ ಕಾಫಿ ಲೋಟ ನಿಲ್ಲುತ್ತೆ, ಡೋನಟ್ ನಿಲ್ಲುತ್ತೆ. ಚೆಂಡೊಂದು ಬಿಟ್ಟು!" ಎಂದ ಲಾರ್ನ್. ಕಾಫಿ ಅಂಗಡಿಯ ಉದ್ದನೆ ಮೇಜಿನ ಸುತ್ತ ಕೂತಿದ್ದ ಮುದುಕರೆಲ್ಲ ಹಲ್ಲುಸೆಟ್ಟು ಅಲ್ಲಾಡುವಂತೆ ನಕ್ಕರು.

ನೆಸ್ಟರ್ ತಲೆ ತಗ್ಗಿಸಿ ಸಕ್ಕರೆ ಕಲಕಿದ. ಹನ್ನೊಂದು ವರ್ಷ ದೊಡ್ಡ ತಂಡದ ರಕ್ಷಣೆಗೆ ನಿಂತು ಹೋರಿಯಂಥ ಆಳುಗಳನ್ನು ಕೆಡವಿದವನು. ಎರಡು ಮಂಡಿ, ಒಂದು ಭುಜ ಆಟಕ್ಕೇ ಕೊಟ್ಟವನು. ಅದ್ಯಾವುದೂ ಈ ಹಾಳು ಊರಿಗೆ ನೆನಪಿಲ್ಲ. ನೆನಪಿರುವುದು ಒಂದೇ ಅಂಕ. ಚೆಂಡು ಕೈಯಲ್ಲಿ ಹಿಡಿದು ಓಡುವ ಇಲ್ಲಿನ ಫುಟ್‌ಬಾಲಿನಲ್ಲಿ, ಎದುರಾಳಿ ಒದ್ದ ಚೆಂಡು ನಮ್ಮ ಗೋಲಿನ ಅಂಗಳಕ್ಕೆ ಬಂದರೆ ಹಿಡಿದು ಹೊರಗೆ ತರಬೇಕು. ಹಿಂದಿನ ಗೆರೆ ದಾಟಿ ಉರುಳಿತೋ, ಅವರಿಗೆ ಪುಕ್ಕಟೆ ಒಂದು ಅಂಕ. ಮೂವತ್ತು ವರ್ಷದ ಹಿಂದೆ, ಫೈನಲ್ಲಿನ ಕೊನೆ ಗಳಿಗೆ, ಸಮಸಮ. ಚೆಂಡು ಮೇಲೇರಿತು. ಅದರಾಚೆ, ಅಪರೂಪದ ಮೂರು ಬಿಳಿ ಕೊಕ್ಕರೆಗಳು ಕಹಳೆ ದನಿಯಲ್ಲಿ ಕೂಗುತ್ತ, ಕನಸಿನಂತೆ ದಕ್ಷಿಣಕ್ಕೆ ತೇಲಿದವು. ನೆಸ್ಟರ್‌ನ ಕಣ್ಣು ಕೊಕ್ಕರೆಯ ಹಿಂದೆ ಹೋಯಿತು. ಚೆಂಡು ನೆಸ್ಟರ್‌ನ ಹಿಂದೆ ಹೋಯಿತು.

"ಇವತ್ತು ಡನ್‌ಮೋರ್ ಊರಿನ ಮುದುಕರ ಜತೆ ಆಟ ಇದೆಯಲ್ಲ, ನನ್ನನ್ನ ಹಿಂದೆ ನಿಲ್ಸಿ" ಎಂದ ನೆಸ್ಟರ್.

"ನಿಲ್ಲು ಮಾರಾಯ. ಚೆಂಡು ಹೊರಗೆ ತಂದ್ರೆ ಇನ್ನು ಕೊಕ್ಕರೆ ಸುದ್ದಿ ಎತ್ತಲ್ಲ, ಪಾದ್ರಿಗಳ ಮೇಲಾಣೆ. ಬಿಟ್ಯೋ, ಸಮಾಧಿ ಕಲ್ಲಿನ ಮೇಲೂ ಕೊಕ್ಕರೆ ನೆಸ್ಟರ್ ಅಂತಲೇ ಕೆತ್ತಿಸ್ತೀನಿ" ಎಂದ ಲಾರ್ನ್.

ಮಧ್ಯಾಹ್ನ ಹಳೆಯ ಜರ್ಸಿ ಹೊಟ್ಟೆಯ ಹತ್ತಿರ ಪರ್ರೆಂದಿತು. ಹೆಂಡತಿ ಓಲ್ಗಾ ಪಿನ್ನು ಚುಚ್ಚಿ ಕೂಡಿಸಿದಳು. ಎರಡು ಪಿನ್ನು ಅವನಿಗೇ ಚುಚ್ಚಿದವು. ಊರೆಲ್ಲ, ಆಟದ ದಿನದ ಪದ್ಧತಿಯಂತೆ, ಕಲ್ಲಂಗಡಿ ಕೊರೆದು ಹೆಲ್ಮೆಟ್ಟಿನ ಹಾಗೆ ತಲೆಗೆ ಹಾಕಿಕೊಂಡು, ಕೆನ್ನೆ ಮೇಲೆ ರಸ ಸುರಿಸುತ್ತ ಮೈದಾನದ ಅಂಚಿಗೆ ಕೂತಿತ್ತು. ಸೀಟಿ ಊದಲು ಪಾದ್ರಿಗಳೇ ನಿಂತಿದ್ದರು.

ಕೊನೆಯ ಗಳಿಗೆ. ಮತ್ತೆ ಸಮಸಮ. ಡನ್‌ಮೋರಿನವರು ಒದ್ದರು.

ಚೆಂಡು ನೀಲಿಯಲ್ಲಿ ಮೆಲ್ಲಗೆ ತಿರುಗುತ್ತ ಬಂತು. ಅಷ್ಟರಲ್ಲಿ ಮೇಲಿನಿಂದ ಕಹಳೆಯಂಥ ದನಿ. ಅದೇ ದನಿ! ನೆಸ್ಟರ್ ಹಲ್ಲು ಕಚ್ಚಿದ, ನೋಡಲಿಲ್ಲ. ಹಿಡಿದ. ಓಡಿದ.

ಯಾರೂ ಅಡ್ಡ ಬರಲಿಲ್ಲ. ನೀರಿನೊಳಗೆ ಓಡಿದಂತೆ, ಮಂಡಿಗಳು ಬೇರೆ ಯಾರದೋ ಎಂಬಂತೆ ಓಡಿದ. ಎಲ್ಲೆಲ್ಲೂ ಮೌನ. 'ಮಾತೇ ಹೊರಡದಂತಾಗಿದೆ ಬಡ್ಡೀಮಕ್ಕಳಿಗೆ' ಎಂದುಕೊಂಡ. ಮೈದಾನದ ಆ ತುದಿ ಮುಟ್ಟಿದವನೇ, ಮೂವತ್ತು ವರ್ಷದ ಸಿಟ್ಟೆಲ್ಲ ಕೂಡಿಸಿ, ಚೆಂಡನ್ನು ಆಚೆಯ ಓಟ್ಸ್ ಹೊಲಕ್ಕೆ ಬೀಸಿ ಎಸೆದು ತಿರುಗಿದ.

ಎರಡೂ ತಂಡ, ಪಾದ್ರಿ, ಓಲ್ಗಾ, ಇಡೀ ಊರು ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿತ್ತು. ಕತ್ತೆತ್ತಿದ್ದಕ್ಕೆ ಕಲ್ಲಂಗಡಿಗಳೆಲ್ಲ ಹಿಂದಕ್ಕೆ ಬಿದ್ದು ಒಡೆದಿದ್ದವು.

"ಆಹಾ!" ಎಂದು ಪಾದ್ರಿಗಳು ಕಣ್ಣೊರೆಸಿಕೊಂಡು ಗೋಲಿನ ಅಂಗಳ ನೋಡಿದರು. ಖಾಲಿ. "ಚೆಂಡು ಹಿಂದಕ್ಕೆ ಉರುಳಿಹೋಗಿದೆ. ಡನ್‌ಮೋರಿಗೆ ಒಂದು ಅಂಕ."

"ಫಾದರ್! ಹಿಡಿದೆ ನಾನು! ಚೆಂಡು ಓಟ್ಸ್ ಹೊಲದಲ್ಲಿದೆ!"

"ನೋಡಿದೋರು ಯಾರಪ್ಪಾ?"

ನೆಸ್ಟರ್ ಹೆಂಡತಿಯ ಕಡೆ ನೋಡಿದ. "ನಾನೂ ಮೇಲೇ ನೋಡ್ತಿದ್ದೆ ಕಣ್ರೀ" ಎಂದಳು ಓಲ್ಗಾ, ಪಾಪ.

ಲಾರ್ನ್ ಹೊಟ್ಟೆ ಹಿಡಿದುಕೊಂಡು ಬಂದ. "ಕೊಕ್ಕರೆ ಹಿಂದೆ ಆ ತುದಿವರೆಗೂ ಓಡಿದ್ಯೇನೋ! ಹೋಗ್ಲಿ, ಈ ಸಲನಾದ್ರೂ ಕಣ್ತುಂಬ ನೋಡಿದ್ಯಾ?"

ಈ ಸಲ ಆ ಊರಿನಲ್ಲಿ ಕೊಕ್ಕರೆಗಳನ್ನು ನೋಡದೆ ಉಳಿದವನು ಅವನೊಬ್ಬನೇ. ನೆಸ್ಟರ್ ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು, ಒಡೆದ ಕಲ್ಲಂಗಡಿಗಳನ್ನು ದಾಟಿ ನಡೆದುಬಿಟ್ಟ.